ತಗಡಿನ ಅಂಚಿಗೆ ಸತ್ತ ಮರಿಗಳು

ತಿಮ್ಮಿ ರಾಜೀವಿಯ ಜಗಲಿಗೆ ಬಂದಾಗ ಬೆಳಗಿನ ಹತ್ತು ಗಂಟೆ. ಕೈಯಲ್ಲಿ ಖಾಲಿ ಹಾಲಿನ ಕ್ಯಾನು.

"ಎಪ್ಪತ್ತೊಂದು ಕೋಳಿಮರಿ ಸತ್ವು ರಾಜೀವಕ್ಕ. ನಾನೇ ದೀಪ ಆರ್ಸಿ ಚಳಿಗೆ ಕೊಂದೆ ಅಂತ ರವೀಂದ್ರಣ್ಣ ಡೈರೀಲಿ ಎಲ್ರೆದುರು ಹೇಳಿದ್ರು. ನಾಳೆಯಿಂದ ಅವ್ರ ಕೋಳಿ ಶೆಡ್ಡಿಗೆ ಬರೂದು ಬ್ಯಾಡ ಅಂದ್ರು. ಇನ್ನು ಹುಲೇಕಲ್ಲಲ್ಲಿ ನಂಗ್ಯಾರು ಕೆಲ್ಸ ಕೊಡ್ತಾರೆ?"

ರಾಜೀವಿ ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಊರವರು ತಮಗೆ ಬಿಡಿಸಲಾಗದ ಗಂಟುಗಳನ್ನು ಅವಳಲ್ಲಿಗೆ ತರುತ್ತಾರೆ. ಅವಳನ್ನು ಕೂರಿಸಿಕೊಂಡು ಸ್ಕೂಟರ್ ಓಡಿಸುವುದು ಪಕ್ಕದ ಮನೆಯ ನಾನು.

ನಾವು ಹೋದಾಗ ಶೆಡ್ಡಿನಲ್ಲಿ ರವೀಂದ್ರ ಸತ್ತ ಮರಿಗಳನ್ನು ಹೂಳಲು ಬುಟ್ಟಿ ತಂದಿಟ್ಟಿದ್ದ. "ನೋಡೂದೆಂತ ಇದೆ? ಸ್ವಿಚ್ಚೇ ಆಫ್ ಇತ್ತು," ಎಂದ.

ದುಂಡಗೆ ಬಾಗಿಸಿದ ತಗಡಿನ ಒಳಗೆ ಭತ್ತದ ಹೊಟ್ಟು, ಅದರ ಮೇಲೆ ಸರಪಳಿಯಲ್ಲಿ ತೂಗುವ ಕಾವಿನ ದೀಪ. ಮರಿಗಳೆಲ್ಲ ಸುತ್ತಲೂ ತಗಡಿಗೆ ಒತ್ತಿ, ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ಬಿದ್ದಿದ್ದವು. ನಡುವೆ ಒಂದೂ ಇರಲಿಲ್ಲ. ಬಾಗಿಲ ಬಳಿ ಮಡಚಿಟ್ಟ ಗೋಣಿಯಲ್ಲಿ ಕಂದು ಬಣ್ಣದ ಸುಟ್ಟ ಗುರುತಿತ್ತು.

"ಆರೂಕಾಲಿಗೆ ಮರಿ ಎತ್ತರಕ್ಕೆ ಕೈ ಹಿಡ್ದು ನೋಡಿದ್ದೆ, ಕಾವು ಹದ ಇತ್ತು," ಎಂದಳು ತಿಮ್ಮಿ. "ಡೈರಿಗೆ ಹಾಲು ಹಾಕಿ ಎಂಟಕ್ಕೆ ಬಂದೆ. ದೀಪ ಆರಿತ್ತು."

"ದೀಪ ಏರ್ಸಿ ಇಳ್ಸೂ ಸರಪಳಿ ಕೊಕ್ಕೆ ಮುಟ್ಟು ನೋಡ್ವ," ಎಂದಳು ರಾಜೀವಿ.

ತಿಮ್ಮಿ ತುದಿಗಾಲಲ್ಲಿ ನಿಂತರೂ ಒಂದು ಗೇಣು ಉಳಿಯಿತು. ಹತ್ತಿ ನಿಲ್ಲುವ ಸ್ಟೂಲಿನ ಕಾಲು ಮುರಿದು, ಅದು ಬಡಗಿಯ ಬಳಿ ಹೋಗಿ ಮೂರು ದಿನವಾಗಿತ್ತು.

ಬದುಕಿದ ಒಂಬತ್ತು ಮರಿಗಳು ಅಡುಗೆಮನೆಯ ಪೆಟ್ಟಿಗೆಯಲ್ಲಿದ್ದವು. ಪಕ್ಕದ ಬುಟ್ಟಿಯಲ್ಲಿ ರವೀಂದ್ರನ ಮಗಳು ಸಂಹಿತಾ ಸಾಕಿದ್ದ ತಬ್ಬಲಿ ನಾಯಿಮರಿ. ರಾಜೀವಿ ಅದನ್ನು ಎತ್ತಿ, ಹೊಟ್ಟೆಯ ರೋಮದಿಂದ ಎರಡು ಭತ್ತದ ಹೊಟ್ಟು ಬಿಡಿಸಿದಳು.

ಸಂಹಿತಾ ಶಿರಸಿಯ ಕಾಲೇಜಿನಿಂದ ಮರಳಿದ ಮೇಲೆ ರಾಜೀವಿ ಎಲ್ಲರನ್ನೂ ಶೆಡ್ಡಿಗೆ ಕರೆದಳು.

"ಚಳಿಯಾದ್ರೆ ಮರಿ ದೀಪದ ಕೆಳಗೆ ಒಂದರ ಮೇಲೊಂದು ಗುಡ್ಡೆ ಬೀಳ್ತಾವೆ. ಇವು ದೀಪ ಬಿಟ್ಟು ಓಡಿದಾವೆ. ಸತ್ತಿದ್ದು ಕಾವಿಗೆ. ಯಾರೋ ದೀಪ ಇಳ್ಸಿ, ಮೇಲೆ ಗೋಣಿ ಮುಚ್ಚಿದಾರೆ. ಕೊಕ್ಕೆ ತಿಮ್ಮಿಗೆ ಎಟುಕೂದಿಲ್ಲ. ಸಂಹಿತಾ, ನೀ ಹೊರಟಿದ್ದು ಎಷ್ಟಕ್ಕೆ?"

"ಆರು ಗಂಟೆ ಬಸ್ಸಿಗೆ. ನಾಯಿಮರಿ ಅಡುಗೆಮನೇಲೇ ಇತ್ತು."

"ಆರೂಕಾಲಿಗೆ ಇಲ್ಲಿ ಎಲ್ಲ ಸರಿಯಿತ್ತು. ಆಮೇಲೆ ನಾಯಿಮರಿ ಈ ಹೊಟ್ಟಿನಲ್ಲಿ ಮಲಗಿದೆ. ಆಗ ಮನೇಲಿದ್ದದ್ದು ಒಬ್ಬನೇ. ಚಳಿಗೆ ಸತ್ತಂಗೆ ಕಾಣ್ಲಿ ಅಂತ್ಲೇ ಸ್ವಿಚ್ಚು ಆಮೇಲೆ ಆರ್ಸಿದ್ದು. ಅಲ್ದನಾ ರವೀಂದ್ರ?"

ಅವನು ಗೋಣಿ ಎತ್ತಿ, ಸುಟ್ಟ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದ. "ನಾಯಿಮರಿ ನೋಡ್ಕ ಅಂತ ಮಗಳು ಹೇಳಿ ಹೋಗಿದ್ಲು. ಅದು ನಡುಗ್ತಿತ್ತು. ತಂದು ದೀಪದ ಕೆಳಗೆ ಇಟ್ಟೆ. ಕುಂಯ್ ಅಂದಾಗ ಅದನ್ನಷ್ಟೇ ಎತ್ಕಂಡು ಹೋದೆ. ಆಮೇಲೆ ಬಂದು ನೋಡಿದ್ರೆ ಇವು ಸತ್ತಿದ್ವು."

"ಇವೂ ಕೂಗಿರ್ತಾವೆ ಅಪ್ಪ," ಎಂದಳು ಸಂಹಿತಾ.

ರವೀಂದ್ರ ತಿಮ್ಮಿಯ ಕಡೆ ತಿರುಗಿದ. "ತಪ್ಪಾತು. ನಾಳೆಯಿಂದ ಬಾ."

"ನನ್ನ ಹೆಸ್ರು ಕೆಡಿಸಿದ್ದು ಇಲ್ಲಲ್ಲ ರವೀಂದ್ರಣ್ಣ, ಡೈರೀಲಿ."

ಮರುದಿನ ಡೈರಿಯ ಸಾಲಿನಲ್ಲಿ ಅವನು ಎಲ್ಲವನ್ನೂ ಹೇಳಿದ. ತಿಮ್ಮಿ ಹಾಲು ಅಳೆಸಿ, ನೇರ ಶೆಡ್ಡಿಗೆ ಹೋದಳು. ನಾವು ಹೋದಾಗ ಒಂಬತ್ತು ಮರಿಗಳು ದೀಪದ ಕೆಳಗಿದ್ದವು. ರವೀಂದ್ರ ತೋಳೆತ್ತಿ ಸರಪಳಿ ಹಿಡಿದಿದ್ದ. ಅವಳು ಮಂಡಿಯೂರಿ, ಮರಿಗಳ ಎತ್ತರಕ್ಕೆ ಕೈ ಹಿಡಿದಿದ್ದಳು.

"ಇನ್ನೊಂದು ಕೊಂಡಿ ಮೇಲೆ," ಎಂದಳು.

ಅವನು ಏರಿಸಿದ.