ಎರಡನೆಯ ಬಿರಡೆ

ಬಿರಡೆ ಇಲ್ಪೋನ ಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಅದು ನನ್ನ ದೋಣಿಯದು. ಹೆಬ್ಬೆರಳು ದಪ್ಪದ ಹಿತ್ತಾಳೆ ಬಿರಡೆ. ಸರೋವರ ಹೆಪ್ಪುಗಟ್ಟುವ ಮೊದಲು ದೋಣಿಯನ್ನು ದಡಕ್ಕೆ ಎಳೆದಾಗ, ಒಳಗಿನ ನೀರು ಬಸಿದು ಹೋಗಲೆಂದು ತಳದಿಂದ ಅದನ್ನು ಬಿಚ್ಚುತ್ತೇವೆ. ಬಿಚ್ಚಿದ್ದು ಶೆಡ್ಡಿನ ಬಾಗಿಲ ಮೊಳೆಗೆ ಸೇರಬೇಕು. ಅಪ್ಪನ ಕಾಲದಿಂದಲೂ ಅದರ ಜಾಗ ಅದೇ.

ಇಲ್ಪೋಗೆ ಇದು ಚೆನ್ನಾಗಿ ಗೊತ್ತು. ಮೇ ತಿಂಗಳಲ್ಲಿ, ಪಕ್ಕದ ಮರದ ಮನೆಗೆ ಬಾಡಿಗೆಗೆ ಬಂದ ಮಾರನೆಯ ದಿನವೇ ಅವನು ನನ್ನ ದೋಣಿಯನ್ನು ನೀರಿಗೆ ತಳ್ಳಲು ಕೈ ಕೊಟ್ಟಿದ್ದ. ಸ್ವಲ್ಪ ದೂರ ಹುಟ್ಟು ಹಾಕಿದ ಮೇಲೆ ಅವನು ಕಾಲ ಕಡೆ ನೋಡಿ ಮೆಲ್ಲಗೆ ಹೇಳಿದ:

"ನನ್ನ ಸಾಕ್ಸ್ ಒದ್ದೆ ಆಗ್ತಿದೆ. ನಿಮ್ಮದು?"

ಬಿರಡೆ ಮೊಳೆಯಲ್ಲೇ ಉಳಿದಿತ್ತು. ಒಲೆ ಆರಿಸಿದೆನಾ ಎಂದು ಬಸ್ ಸ್ಟಾಪಿನಿಂದ ಮರಳಿ ಬಂದು ನೋಡುವವಳು ನಾನು. ಅದನ್ನು ಮರೆತದ್ದು ಆ ಒಂದು ಸಲ ಮಾತ್ರ. ದೋಣಿ ತಳ್ಳುವಾಗ ನಾನು ಅವನ ಕತ್ತಿನ ಹಿಂಭಾಗ ನೋಡುತ್ತಿದ್ದೆ.

ಈಗ ಅಕ್ಟೋಬರ್, ದೋಣಿಯನ್ನು ದಡಕ್ಕೆ ಎಳೆದಿದ್ದೆವು. ಅವನು ಬಂದದ್ದು ನಮ್ಮೂರ ಚರ್ಚಿನ ಆರ್ಗನ್ ವಾದ್ಯದ ರಿಪೇರಿಗೆ. ರಿಪೇರಿ ಮುಗಿದಿತ್ತು, ಸಂಜೆಯ ಬಸ್ಸಿಗೆ ಅವನು ತನ್ನೂರು ತಾಂಪೆರೆಗೆ ಹೊರಟಿದ್ದ. ಮತ್ತೆ ಬರುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಈಚೆಗೆ ಆಗಾಗ ದೋಣಿಕಟ್ಟೆಯ ಮೇಲೆ ನಿಂತು ಯಾರಿಗೋ ಫೋನ್ ಮಾಡುತ್ತಿದ್ದ. ನಾನು ಹತ್ತಿರ ಬಂದರೆ ದನಿ ಇಳಿಯುತ್ತಿತ್ತು.

ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಲೆಂಪಿ ಅಜ್ಜಿ ಬೆಳಿಗ್ಗೆಯೇ ಕುಟುಕಿದ್ದಳು.

"ಕಾಫಿ ಕಪ್ಪನ್ನೂ ಗಂಟು ಕಟ್ಟಿದಾನಂತೆ. ಏನಾದ್ರೂ ಬಿಟ್ಟು ಹೋಗ್ತಿದಾನಾ?"

"ನಂಗೇನ್ ಗೊತ್ತು ಅಜ್ಜಿ?"

"ನಿಂಗೆ ಗೊತ್ತಿಲ್ವಾ? ಅವನ ಕಿಟಕಿ ಪರದೇಲಿ ಎಷ್ಟು ಹೂವಿದೆ ಅಂತ ಕೇಳಿದ್ರೂ ಹೇಳ್ತೀಯ ನೀನು."

ದೋಣಿಯ ಪಾಚಿ ಉಜ್ಜುತ್ತಾ ನಾನು ಅವನ ಜೇಬನ್ನೇ ನೋಡುತ್ತಿದ್ದೆ. ಹೋಗುವವನಿಗೆ ನನ್ನ ಬಿರಡೆ ಯಾಕೆ? ತಾಂಪೆರೆಯಲ್ಲಿ ಯಾರಿಗಾದರೂ ತೋರಿಸಿ, ಬೇಸಿಗೆಯ ತಮಾಷೆಯೊಂದನ್ನು ಹೇಳಿ ನಗಲಿಕ್ಕೋ?

"ಹಿಲ್ಕಾ, ಅಲ್ಲಿ ಉಜ್ಜಿದ್ದು ಸಾಕು. ಬಣ್ಣ ಬಿಡುತ್ತೆ," ಎಂದ ಇಲ್ಪೋ. ಹುಬ್ಬಿಗೆ ಅಂಟಿದ ಬರ್ಚ್ ಮರದ ಎಲೆಯಡಿಯಿಂದ ನನ್ನನ್ನು ನೋಡಿ, ನಾನು ನೋಡುತ್ತಿದ್ದೇನೆಂದು ತಿಳಿದು, ಬೇಗ ದೋಣಿಯ ಕಡೆ ತಿರುಗಿದ.

ದಿಮ್ಮಿಗಳ ಮೇಲೆ ದೋಣಿಯನ್ನು ಬೋರಲು ಹಾಕಲು ಇಬ್ಬರೂ ಬಗ್ಗಿದೆವು. ಅವನ ಕೋಟಿನ ಜೇಬು ದೋಣಿಯ ಅಂಚಿಗೆ ತಗುಲಿ ಟಣ್ ಎಂದಿತು.

ದೋಣಿ ಮಗುಚಿ ಕೂತ ಮೇಲೆ ಕೇಳಿದೆ. "ಜೇಬಲ್ಲಿ ಏನಿದೆ?"

"ಕರ್ಚೀಫು."

"ಕರ್ಚೀಫು ಟಣ್ ಅನ್ನಲ್ಲ ಇಲ್ಪೋ."

ಅವನ ಕಿವಿ ಕೆಂಪಾಯಿತು. ಬಿರಡೆಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ, ನನಗೆ ಕೊಡಲಿಲ್ಲ.

"ಬರೋ ಬೇಸಿಗೆಗೂ ಮನೆ ಕೊಡಿ ಅಂತ ಓನರ್‌ನ ಗೋಗರೀತಿದ್ದೆ. ಕ್ರಿಸ್ಮಸ್ ಆದ್ಮೇಲೆ ಹೇಳ್ತೀನಿ ಅಂದ."

"ಆ ಫೋನು ಅದಕ್ಕಾ? ನಂಗ್ಯಾಕೆ ಹೇಳ್ಲಿಲ್ಲ?"

"ಕೊಡದೇ ಇದ್ರೆ? ನಿಂಗೆ ಗಟ್ಟಿ ಇಲ್ಲದ ಮಾತು ಕೊಟ್ರೆ ಚಳಿಗಾಲ ಪೂರ್ತಿ ಅದನ್ನ ಬಿಚ್ಚಿ ಬಿಚ್ಚಿ ನೋಡ್ತೀಯ. ಅದಕ್ಕೇ ಇದನ್ನ ತಗೊಂಡೆ. ಮನೆ ಸಿಗ್ಲಿ ಬಿಡ್ಲಿ, ಇದನ್ನ ವಾಪಸ್ ತರಲೇಬೇಕಲ್ಲ."

ಅವನ ಮಾತಿನಲ್ಲಿ ಬಿರುಕು ಹುಡುಕಿದೆ. ಅಭ್ಯಾಸ. ಸಿಗಲಿಲ್ಲ.

"ನೀನಿಲ್ದೆ ನಾನು ದೋಣಿ ಇಳಿಸಬಾರದು ಅಂತಲಾ?"

"ಹೂಂ." ಆಮೇಲೆ ಅವನ ಮುಖ ಸ್ವಲ್ಪ ಬಾಡಿತು. "ಅಂಗಡೀಲಿ ಹೊಸದು ಸಿಗುತ್ತೆ ಅಂತ ಗೊತ್ತು. ಕೊಳ್ಳಲ್ಲ ತಾನೇ?"

ಅವನ ಕಣ್ಣಲ್ಲಿ ಅನುಮಾನವಿತ್ತು, ನನ್ನದರಂತೆಯೇ ನಿದ್ದೆಗೆಟ್ಟ ಅನುಮಾನ. ಅಷ್ಟು ಚೆಂದದ್ದನ್ನು ನಾನು ಆ ಬೇಸಿಗೆಯಲ್ಲಿ ಕಂಡಿರಲಿಲ್ಲ.

ಶೆಡ್ಡಿನೊಳಗೆ ಹೋದೆ. ಮೇಲಿನ ಹಲಗೆಯಲ್ಲಿ, ಹಳೆಯ ಕಾಫಿ ಡಬ್ಬಿಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಬಿರಡೆ ಇತ್ತು. ನಾವು ಮನೆಯವರೆಲ್ಲ ಹೀಗೇ, ಒಂದನ್ನೇ ನಂಬಿದವರಲ್ಲ. ಅದು ಇಲ್ಲಿದೆ ಎಂಬ ಧೈರ್ಯದಲ್ಲೇ ನಾನು ಎಷ್ಟೋ ಚಳಿಗಾಲ ಮಲಗಿದ್ದೇನೆ.

ತಂದು ಅವನ ಕೈಗಿಟ್ಟೆ.

"ಇದೇನು?"

"ಇನ್ನೊಂದು. ಇದನ್ನೂ ತಗೊಂಡು ಹೋಗು."

ಅವನು ಎರಡನ್ನೂ ನೋಡಿದ, ನನ್ನನ್ನು ನೋಡಿದ. "ಮೂರನೇದು ಎಲ್ಲಿಟ್ಟಿದೀಯ?"

"ಇಲ್ಲ."

"ನಿಜವಾಗ್ಲೂ?"

"ಹುಡುಕ್ಕೋ."

ಪಾಚಿ ಮೆತ್ತಿದ ನನ್ನ ಎರಡೂ ಕೈಗಳನ್ನು ಅವನು ಹಿಡಿದು, ಖಾಲಿ ಅಂಗೈಗಳನ್ನು ತಿರುಗಿಸಿ ಪರೀಕ್ಷಿಸಿದ. ಬಹಳ ಹೊತ್ತು ಪರೀಕ್ಷಿಸಿದ. ಬೇಲಿಯಾಚೆ ಲೆಂಪಿ ಅಜ್ಜಿಯ ಕಸಬರಿಕೆ ಸದ್ದು ನಿಂತುಹೋಗಿತ್ತು.