ಸೇತುವೆಯ ಮೇಲೆ ಮುಂದೆ ಹೋದವನು

"ನೆಟ್ಟಗೆ ನಡೆಯೋಕೂ ಬರದವನ ಕೈಗೆ ನನ್ನ ಹುಡುಗನನ್ನ ಕೊಟ್ಟಿದ್ದೀಯಲ್ಲ ಅಣ್ಣ, ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ಕಚೇರಿಯಲ್ಲಿ ಎಲ್ಲರ ಕೀಬೋರ್ಡೂ ಒಟ್ಟಿಗೇ ಸುಮ್ಮನಾಯಿತು.

ಅಣ್ಣ ಎಂದರೆ ಬೈದವಳ ಒಡಹುಟ್ಟಿದವನೇ, ಆ ಪುಟ್ಟ ಗೇಮ್ ಕಂಪನಿಯ ಯಜಮಾನ. ಅವಳು ಅಲ್ಲಿನ ಚಿತ್ರಗಾರ್ತಿ. ಬೈಸಿಕೊಂಡವನು ಕೋಡ್ ಬರೆಯುವವನು. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರ ಬಾಯಲ್ಲೂ ಅವನು ಮೆಣಸಿನಕಾಯಿ.

ಇವತ್ತು ಮಾತ್ರ ಮೆಣಸಿನಕಾಯಿ ಖಾರ ಕಾರಲಿಲ್ಲ.

"ಆ ಹುಡುಗನ ಕಾಲಿಗೆ ದಿನಾ ಕಲ್ಲು ಕಟ್ಟೋರು ನೀವೇ," ಎಂದಷ್ಟೇ ಹೇಳಿ ಊಟಕ್ಕೆ ಎದ್ದು ಹೋದ.

ಕಲ್ಲಾ? ನಾನಾ?... ಅವಳಿಗೆ ತಲೆಬುಡ ತಿಳಿಯಲಿಲ್ಲ.

ಜಗಳ ಗೇಮಿನ ಕೊನೆಯ ದೃಶ್ಯದ್ದು. ಅವಳು ಚಿತ್ರಿಸಿದ ಹುಡುಗ, ಹುಡುಗಿ ಅಕ್ಕಪಕ್ಕ ನಡೆದು ಸೇತುವೆ ದಾಟಬೇಕು. ಆದರೆ ಹುಡುಗ ಅವಳನ್ನು ನಡುದಾರಿಯಲ್ಲೇ ಬಿಟ್ಟು ಓಡಿಬಿಡುತ್ತಿದ್ದ. ಬೆಳಿಗ್ಗೆ ಚಿತ್ರಗಾರ್ತಿ ಅವನ ವೇಗ ಒಂಚೂರು ಇಳಿಸಿದರೆ ಸಂಜೆಯೊಳಗೆ ಮೆಣಸಿನಕಾಯಿ ಮತ್ತೆ ಏರಿಸಿರುತ್ತಿದ್ದ. ಇವತ್ತು ಸಂಜೆಯೊಳಗೆ ಸರಿಯಾಗದಿದ್ದರೆ ದೃಶ್ಯವನ್ನೇ ಕಿತ್ತುಹಾಕುತ್ತೇನೆ ಎಂದಿದ್ದ ಅಣ್ಣ.

ಅವಳಿಗೆ ದೃಶ್ಯ ಹೋಗುವುದಕ್ಕಿಂತ ಬೇರೆಯೇ ಸಂಕಟ. ಆ ಹುಡುಗನ ಎಡಭುಜ ಒಂಚೂರು ಇಳಿದಂತೆ ಬರೆದದ್ದು ಯಾರನ್ನು ನೋಡಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಧೈರ್ಯ ಮಾಡಿ ಮೆಣಸಿನಕಾಯಿಗೆ, "ಬಸ್ ಸ್ಟಾಪ್‌ವರೆಗೆ ಜೊತೆಗೆ ಹೋಗೋಣ್ವಾ?" ಎಂದಿದ್ದಳು. "ನೀವು ನಿಧಾನ," ಎಂದು ಆ ಮಹಾಶಯ ದಡದಡ ಮೆಟ್ಟಿಲಿಳಿದು ಮಾಯವಾಗಿದ್ದ.

ಅದನ್ನೇ ಗೇಮಿನಲ್ಲೂ ಹೇಳ್ತಿದ್ದಾನಾ? ನಿನ್ನ ಜೊತೆ ನಡೆಯಲ್ಲ ಅಂತ?

ತಡೆಯಲಾಗದೆ ಅವನ ಕುರ್ಚಿಯಲ್ಲಿ ಕೂತು, ಅವನ ಹಳೆಯ ಕಂಪ್ಯೂಟರಿನಲ್ಲಿ ಗೇಮ್ ಹಾಕಿದಳು. ಕಣ್ಣನ್ನು ನಂಬಲಾಗಲಿಲ್ಲ. ಇಲ್ಲಿ ಹುಡುಗ ತೆವಳುತ್ತಿದ್ದ. ಹುಡುಗಿಯೇ ತಿರುಗಿಯೂ ನೋಡದೆ ಮುಂದೆ ಹೋಗುತ್ತಿದ್ದಳು.

"ಅದು ನನ್ನ ಕುರ್ಚಿ." ಬೆನ್ನ ಹಿಂದೆ ಅವನು.

"ಇಲ್ಲಿ ಯಾಕೆ ತೆವಳ್ತಿದ್ದಾನೆ ಇವನು? ನನ್ನ ಹತ್ರ ಓಡಿಹೋಗ್ತಾನೆ."

"ಓಡಿಹೋಗ್ತಾನಾ?... ಬಿಟ್ಟು ಹೋಗೋದು ಅವಳು ತಾನೇ?"

ಅವನು ಅವಳ ಮೇಜಿಗೆ ಹೋಗಿ ನೋಡಿದ. ಹಣೆ ಹಣೆ ಚಚ್ಚಿಕೊಂಡ.

"ನಾನೇ ಕತ್ತೆ. ಪರದೆ ಮೇಲೆ ಚಿತ್ರ ಬದಲಾದಾಗೆಲ್ಲ, ಫ್ರೇಮಿಗೊಂದು ಹೆಜ್ಜೆ ಅಂತ ಬರೆದಿದ್ದೀನಿ. ನನ್ನ ಡಬ್ಬ ಒಂದು ಫ್ರೇಮ್ ತೋರಿಸೋಷ್ಟರಲ್ಲಿ ನಿಮ್ಮ ಹೊಸ ಮಷೀನು ಎರಡು ತೋರಿಸುತ್ತೆ. ಹೆಜ್ಜೆನೂ ಎರಡಾಗುತ್ತೆ."

"ಹುಡುಗಿ ಮಾತ್ರ ಎರಡು ಕಡೆನೂ ಒಂದೇ ಥರ ನಡೀತಾಳಲ್ಲ?"

"ಅವಳ ನಡಿಗೆ ನೀವು ಮಾಡಿದ್ದು, ಗಡಿಯಾರ ನೋಡಿ ನಡೀತಾಳೆ. ಇವನು ಫ್ರೇಮ್ ಎಣಿಸ್ಕೊಂಡು ಸಾಯ್ತಾನೆ."

ಅವನು ಕೂತು ಆ ಸಾಲನ್ನು ತಿದ್ದಿದ. ಹಿಂದಿನ ಫ್ರೇಮ್ ಆಗಿ ಎಷ್ಟು ಹೊತ್ತು ಕಳೆಯಿತೋ ಅದಕ್ಕೆ ತಕ್ಕಷ್ಟೇ ದೂರ ಹೋಗು, ಅಷ್ಟೇ. ಎರಡು ಪರದೆಗಳ ಮೇಲೂ ಹುಡುಗ, ಹುಡುಗಿ ಭುಜಕ್ಕೆ ಭುಜ ತಾಗಿಸಿಕೊಂಡು ಸೇತುವೆ ದಾಟಿದರು.

"ಇಷ್ಟಕ್ಕೆ ಒಂದೇ ಸಾಲನ್ನ ಬೆಳಿಗ್ಗೆ ಇವಳು, ಸಂಜೆ ನೀನು ತಿದ್ದಿದ್ದಾ?" ಅಣ್ಣ ನಕ್ಕ. "ಬಾಯಿ ಬಿಟ್ಟು ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ದೃಶ್ಯ ಉಳಿಯಿತು. ಅವಳ ಗೊಂದಲವೂ ಉಳಿಯಿತು. ಮಷೀನಿನ ತಪ್ಪು ಮಷೀನಿನದು... ಹಾಗಾದರೆ ಮೆಟ್ಟಿಲಿಳಿದು ಓಡಿದ್ದು?

ಸಂಜೆ ಎಲ್ಲರೂ ಹೊರಡುವಾಗ ಅವಳು ಅವನ ಮೇಜಿನ ಮುಂದೆ ನಿಂತಳು.

"ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇನೇ ಹೇಳ್ತೀನಿ. ತಪ್ಪಾಯ್ತು. ಆ ಹುಡುಗನ ಎಡಭುಜ ಯಾಕೆ ಹಾಗಿದೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?"

ಅವನ ಕೈ ತಾನಾಗಿಯೇ ತನ್ನ ಎಡಭುಜಕ್ಕೆ ಹೋಯಿತು. ಕಿವಿ ಕೆಂಪಾಯಿತು.

"ನನಗೆ ನಿಮ್ಮನ್ನ ಕಂಡ್ರೆ ಇಷ್ಟ," ಅವಳ ದನಿ ಇಳಿಯಿತು. "ಇವತ್ತಾದ್ರೂ ಜೊತೆಗೆ ಬರಲಾ? ಬೇಡ ಅನ್ನಿಸಿದ್ರೆ ಬೇಡ ಅಂದುಬಿಡಿ."

ಅವನು ಬ್ಯಾಗು ಹೆಗಲಿಗೇರಿಸಿದ. ಬಾಗಿಲು ದಾಟಿ ಹೊರಟೇಬಿಟ್ಟ.

ಅವಳು ಬಾಗಿಲನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಟ್ಟಿಲ ಸದ್ದು ಕೇಳಿಸಿತು. ದಡದಡ ಅಲ್ಲ. ಒಂದು... ಇನ್ನೊಂದು... ಅವಳೇ ಇಳಿಯುವಷ್ಟು ನಿಧಾನ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಾಗ, ಎಡಭುಜ ಒಂಚೂರು ಇಳಿಸಿಕೊಂಡು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಅವನು ನಡೆದು ಹೋಗುತ್ತಿದ್ದ.