ನಿಂತ ಹನಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಗೇಟಿನಲ್ಲಿ ನಿಂತವರಿಗೆ ಠಾಣೆಯ ಬೋರ್ಡೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಬಂದ ಟೀಚರೊಬ್ಬರು ಇನ್‌ಸ್ಪೆಕ್ಟರ ಎದುರು ಕುಳಿತರು. ಒಂಟಿ ವಾಸ. ಹಿಂದಿನ ದಿನ ಶಾಲೆಗೆ ಹೋಗಿದ್ದಾಗ ಬೀರುವಿನಲ್ಲಿದ್ದ ಜೋಡಿ ಚಿನ್ನದ ಬಳೆ ಕಳುವಾಗಿತ್ತು.

"ನನ್ನವಲ್ಲ ಸಾರ್, ತೀರಿಹೋದ ಅಕ್ಕನವು. ಅವಳ ಮಗಳಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಆ ಮಗುಗೆ ಹೇಗೆ ಮುಖ ತೋರಿಸ್ಲಿ?"

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಮನೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ.

"ಬೇರೆ ಏನಾದ್ರೂ ವ್ಯತ್ಯಾಸ?" ಇನ್‌ಸ್ಪೆಕ್ಟರ್ ಕೇಳಿದರು.

"ನಗಬೇಡಿ ಸಾರ್. ಅಡುಗೆಮನೆ ನಲ್ಲಿ ಎಷ್ಟೋ ತಿಂಗಳಿಂದ ತೊಟ್ಟಿಕ್ತಿತ್ತು. ರಾತ್ರಿ ಆ ಸದ್ದೇ ನಂಗೆ ಜೊತೆ. ನಿನ್ನೆಯಿಂದ ನಿಂತಿದೆ."

ಹೆಡ್ ಕಾನ್‌ಸ್ಟೆಬಲ್ ನಲ್ಲಿ ಬಿಚ್ಚಿದ. ಒಳಗೆ ಹೊಸ ವಾಷರ್. "ಕದಿಯೋಕೆ ಬಂದು ಸೇವೆ ಮಾಡಿ ಹೋಗಿದಾನಲ್ಲ ಪುಣ್ಯಾತ್ಮ! ನಮ್ಮನೆಗೂ ಬರಬಾರ್ದಾ?"

ಇನ್‌ಸ್ಪೆಕ್ಟರ್ ನಗಲಿಲ್ಲ. "ನಿಮ್ಮ ಪ್ಲಂಬರ್ ಯಾರು, ಟೀಚರ್?"

"ಹಿಂದಿನ ಬೀದಿಯವನು. ಬರ್ತೀನಿ ಬರ್ತೀನಿ ಅಂತಿದ್ದ, ಬರ್ಲೇ ಇಲ್ಲ. ಕೀಲಿ ಇಡೋ ಜಾಗ ಅವನಿಗೆ ಗೊತ್ತು. ಹೆಂಡ್ತಿ ಬಿಟ್ಟುಹೋದ್ಮೇಲೆ ಯಾರ ಜೊತೆಗೂ ಮಾತಿಲ್ಲ, ಪಾಪ."

ಪ್ಲಂಬರನ ಕೋಣೆಯ ಕಿಟಕಿಗೆ ರಟ್ಟು ಬಡಿದಿತ್ತು. ತೊಳೆಯದ ತಟ್ಟೆಗಳ ನಡುವೆ ಅವನು ಮೊಬೈಲ್ ಹಿಡಿದು ಕೂತಿದ್ದ. ಪರದೆಯ ಮೇಲೆ ಇಸ್ಪೀಟಿನ ಎಲೆಗಳು ತಾವಾಗಿ ಬೀಳುತ್ತಿದ್ದವು. ಅವನು ಏಳಲಿಲ್ಲ, ಓಡಲಿಲ್ಲ.

"ನಲ್ಲಿ ಯಾಕೆ ಸರಿ ಮಾಡ್ದೆ?"

"ಸೋರ್ತಿತ್ತಲ್ಲ ಸಾರ್."

"ಈ ಆಟ ಯಾವಾಗಿಂದ?"

"ಅವಳು ಹೋದ್ಮೇಲೆ. ಗೆಲ್ಲೋಕಲ್ಲ. ನಿದ್ದೆ ಇಲ್ಲ, ಊಟ ಸೇರಲ್ಲ. ಆಡೋವಾಗ ಮಾತ್ರ ತಲೆ ಸುಮ್ಮನಿರುತ್ತೆ. ನಿಲ್ಸಿದ್ರೆ ಬಂಡೆ ತಂದು ಎದೆ ಮೇಲಿಟ್ಟ ಹಾಗೆ."

"ಬಳೆ ಅಡವಿಟ್ಯಾ?"

"ಅಂಗಡಿ ಮೆಟ್ಟಿಲ ಮೇಲೆ ಕೂತು ವಾಪಸ್ ಬಂದೆ. ಇವೂ ಸೋತ್ರೆ ಆಮೇಲೆ ಇರಬಾರ್ದು ಅಂತ ಮನಸ್ಸಲ್ಲಿತ್ತು."

ಹೆಡ್ ಕಾನ್‌ಸ್ಟೆಬಲ್ ತಲೆಯ ಮೇಲಿನ ಟೋಪಿ ತೆಗೆದ.

ಬಂಧನದ ಮೆಮೊ ಬರೆದ ಇನ್‌ಸ್ಪೆಕ್ಟರ್, "ಮೊದಲು ಮನಸ್ಸಿನ ಡಾಕ್ಟರು, ಆಮೇಲೆ ಕೋರ್ಟು. ನಾನೂ ಜೊತೆಗಿರ್ತೀನಿ" ಎಂದರು. ಜೂಜು ಮೊದಲು ಈ ಕೋಣೆಗೆ ಬಂತೋ, ಕತ್ತಲೆ ಮೊದಲು ಬಂತೋ, ದೇವರೇ ಬಲ್ಲ. ಈಗಂತೂ ಎರಡೂ ಕೈಕೈ ಹಿಡಿದು ಕೂತಿದ್ದವು.

"ಆ ಬಳೆ ಟೀಚರದ್ದಲ್ಲ ಕಣಪ್ಪ. ತಾಯಿಯಿಲ್ಲದ ಹುಡುಗಿಯದು," ಎಂದರು ಇನ್‌ಸ್ಪೆಕ್ಟರ್.

ಅವನು ಮೊಬೈಲ್ ಕೆಳಗಿಟ್ಟ. ಆಮೇಲೆ ಅಂಗಿಯ ಒಳಗೆ ಕೈ ಹಾಕಿ, ಮೈಬಿಸಿಗೆ ಬೆಚ್ಚಗಾಗಿದ್ದ ಎರಡು ಬಳೆಗಳನ್ನು ತೆಗೆದು, ಇನ್‌ಸ್ಪೆಕ್ಟರ ಅಂಗೈಯಲ್ಲಿಟ್ಟ.